ಬಾಣಾವರದ ನೆತ್ತಿಯ ಮೇಲೆ ಒಂದು ನಿಮಿಷ

ಬೆಂಗಳೂರಿನ ಕೆಂಪೇಗೌಡ ವಿಮಾನ ನಿಲ್ದಾಣದಿಂದ ಶಿವಮೊಗ್ಗ ಸಮೀಪದ ಸೋಗಾನೆಯಲ್ಲಿರುವ ರಾಷ್ಟ್ರಕವಿ ಕುವೆಂಪು ವಿಮಾನ ನಿಲ್ದಾಣಕ್ಕೆ ಇರುವ ದೂರ ಸುಮಾರು 237 ಕಿಲೋಮೀಟರ್. ದುಂಡಗಿನ ಭೂಮಿಯ ಮೈಗುಂಟ ಎರಡು ಸ್ಥಳಗಳ ನಡುವೆ ಅಳೆಯುವ ಇಂಥ ಅತಿ ಹತ್ತಿರದ ಹಾದಿಗೆ ಮಹಾವೃತ್ತ ದೂರವೆಂದು ಹೆಸರು. ಈ ಹಾದಿಯ ಗೆರೆ ಅರಸೀಕೆರೆ ಸಮೀಪದ ಬಾಣಾವರ ಎಂಬ ಊರಿನ ಉತ್ತರಕ್ಕೆ ಸುಮಾರು 30 ಕಿಲೋಮೀಟರ್ ಆಚೆ ಹಾದುಹೋಗುತ್ತದೆಯಾದರೂ, ಅದನ್ನು ಬಗ್ಗಿಸಿ ಊರಿನ ನೆತ್ತಿಯ ಮೇಲೆ ಹಾಯಿಸಿದರೆ ಬೆಂಗಳೂರಿನಿಂದ ಬಾಣಾವರಕ್ಕೆ 169, ಅಲ್ಲಿಂದ ಸೋಗಾನೆಗೆ 77, ಒಟ್ಟು 246 ಕಿಲೋಮೀಟರ್ ಆಗುತ್ತದೆ. ಗಂಟೆಗೆ 500 ಕಿಲೋಮೀಟರ್ ಓಡುವ ಎಟಿಆರ್ 72 ವಿಮಾನಕ್ಕೆ ಈ ಸುತ್ತಿನಿಂದ ಆಗುವ ವಿಳಂಬ ಹೆಚ್ಚು ಕಡಿಮೆ ಒಂದು ನಿಮಿಷ ಮಾತ್ರ ಎಂಬುದು ನಕಾಶೆಯನ್ನು ಮುಂದಿಟ್ಟುಕೊಂಡು ಕೂತವರಿಗೆ ಸಿಗುವ ಬೆರಗು.

2023ರ ಫೆಬ್ರುವರಿ 27ರಂದು ಉದ್ಘಾಟನೆಗೊಂಡ ಶಿವಮೊಗ್ಗ ನಿಲ್ದಾಣಕ್ಕೆ ಅದೇ ವರ್ಷದ ಆಗಸ್ಟ್ 31ರಂದು ಮೊದಲ ಪ್ರಯಾಣಿಕ ವಿಮಾನ ಬಂದಾಗ, ಬೆಂಗಳೂರಿನಿಂದ 9.50ಕ್ಕೆ ಹೊರಟು 11.05ಕ್ಕೆ ತಲುಪುವಂತೆ ವೇಳಾಪಟ್ಟಿ ರೂಪಿಸಲಾಗಿತ್ತು. ಅರ್ಧ ಗಂಟೆಯೊಳಗೆ ಮುಗಿಯಬೇಕಾದ ಹಾರಾಟಕ್ಕೆ 75 ನಿಮಿಷ ಮೀಸಲಿಡುವುದು ಮೇಲ್ನೋಟಕ್ಕೆ ವಿಚಿತ್ರವೆನಿಸಿದರೂ, ವಿಮಾನ ನಿಂತ ಜಾಗದಿಂದ ಕದಲಿದ ಕ್ಷಣದಿಂದ ಮತ್ತೆ ತಂಗುವವರೆಗಿನ ಅವಧಿಯನ್ನು, ಅಂದರೆ ಬ್ಲಾಕ್ ಸಮಯವನ್ನು, ವೇಳಾಪಟ್ಟಿ ಲೆಕ್ಕಕ್ಕೆ ಹಿಡಿಯುತ್ತದೆ. ರನ್‌ವೇವರೆಗಿನ ನಿಧಾನದ ಓಟ, ಸರದಿಯ ಕಾಯುವಿಕೆ, ಮೇಲೇರಿಕೆ, ಇಳಿಯುವ ಮುನ್ನಿನ ಸುತ್ತು, ಮುಂಗಾರಿನಲ್ಲಿ ಎದುರಿಗೆ ಬೀಸುವ ಪಡುಗಾಳಿ, ಇವೆಲ್ಲವೂ ಅದರಲ್ಲಿ ಸೇರುತ್ತವೆ.

ಈ ತರ್ಕದ ತುತ್ತತುದಿಯನ್ನು ಕಾಣಲು ಯೂರೋಪಿಗೆ ಹೋಗಬೇಕು. ಸ್ಕಾಟ್ಲೆಂಡಿನ ಆರ್ಕ್ನಿ ದ್ವೀಪಗಳಲ್ಲಿ ವೆಸ್ಟ್ರೇ ಮತ್ತು ಪಾಪಾ ವೆಸ್ಟ್ರೇ ನಡುವೆ ಲೋಗನೇರ್ ಸಂಸ್ಥೆ 1967ರಿಂದ ನಡೆಸುತ್ತಿರುವ ಹಾರಾಟದ ದೂರ 2.7 ಕಿಲೋಮೀಟರ್, ಅಂದರೆ ಅರಸೀಕೆರೆಗೂ ಬಾಣಾವರಕ್ಕೂ ಇರುವ ಅಂತರದ ಐದನೆಯ ಒಂದು ಪಾಲೂ ಅಲ್ಲ. ವೇಳಾಪಟ್ಟಿ ಕೊಡುವ ಅವಧಿ ಎರಡು ನಿಮಿಷ. ಅನುಕೂಲದ ಗಾಳಿಯಲ್ಲಿ 53 ಸೆಕೆಂಡುಗಳಲ್ಲೇ ಮುಗಿಸಿದ ದಾಖಲೆಯೂ ಉಂಟು. ಬಾಣಾವರದ ಸುತ್ತು ನುಂಗುವ ಸಮಯದೊಳಗೆ ಅಲ್ಲಿ ಒಂದು ಇಡೀ ಪ್ರಯಾಣವೇ ಮುಗಿದದ್ದುಂಟು. ಆದರೂ ಎರಡು ನಿಮಿಷದ ಲೆಕ್ಕದಲ್ಲಿ ಆ ವಿಮಾನದ ಸರಾಸರಿ ವೇಗ ಗಂಟೆಗೆ ಸುಮಾರು 80 ಕಿಲೋಮೀಟರ್ ಮಾತ್ರ. ಶಿವಮೊಗ್ಗದ ವಿಮಾನದ್ದು 75 ನಿಮಿಷದ ಲೆಕ್ಕದಲ್ಲಿ 190. ಹಾದಿ ಗಿಡ್ಡವಾದಷ್ಟೂ ಏರಿಳಿತದ ಪಾಲು ಹೆಚ್ಚುತ್ತದೆ.

ಶ್ರೀರಾಮನು ಇಲ್ಲಿ ತನ್ನ ಬಾಣಗಳನ್ನು ತಾನೇ ಹೊತ್ತದ್ದರಿಂದ ‘ಬಾಣ ಹೊರ’ ಎಂಬ ಮಾತು ಬಾಣಾವರವಾಯಿತೆಂಬ ಐತಿಹ್ಯವನ್ನು ಭಾಷಾಶಾಸ್ತ್ರ ಒಪ್ಪಬೇಕೆಂದೇನಿಲ್ಲ. ಆದರೆ ಬಾಣದಂಥ ನೇರ ಗೆರೆಯನ್ನು ನಂಬಿ ಪ್ರಯಾಣದ ಹೊತ್ತನ್ನು ಅಳೆಯುವವರಿಗೆ ಹೊರೆ ಎಲ್ಲಿದೆಯೆಂಬುದನ್ನು ಅದು ನೆನಪಿಸುತ್ತದೆ. ಬೆಂಗಳೂರಿಗೆ ಹೊರಟ ಬಾಣಾವರದವರು ವಿಮಾನ ಹಿಡಿಯಲು ಮೊದಲು ತದ್ವಿರುದ್ಧ ದಿಕ್ಕಿನಲ್ಲಿ ಸೋಗಾನೆಗೆ ಸಾಗಿ, ಅಲ್ಲಿ ಕಾದು, ಹಾರಿ, ದೇವನಹಳ್ಳಿಯ ಬಳಿಯ ಕೆಂಪೇಗೌಡ ನಿಲ್ದಾಣದಲ್ಲಿ ಇಳಿದ ಮೇಲೆ ಮತ್ತೆ ನಗರದತ್ತ ಬಸ್ಸೋ ಟ್ಯಾಕ್ಸಿಯೋ ಹತ್ತಬೇಕು. ರೈಲಾದರೋ ಊರಿನ ನಿಲ್ದಾಣದಿಂದ ಅರಸೀಕೆರೆ, ತಿಪಟೂರು, ತುಮಕೂರುಗಳ ಮೂಲಕ ನಗರದ ಮಧ್ಯಕ್ಕೇ ಒಯ್ಯುತ್ತದೆ. ಬಾಣಾವರದವರ ಮಟ್ಟಿಗೆ ರೈಲೇ ಬೇಗ.