ದೇವರ ಹೆಸರಿನಲ್ಲಿ ಮಗುವಿಗೆ ನೋವಾದರೆ ಹೊಣೆ ಯಾರದು?

ಶಾಲೆಯ ವಾರ್ಷಿಕ ಸಂಚಿಕೆಯಲ್ಲಿ ಎತ್ತಲು ಇದು ತಕ್ಕ ವಿಷಯವೇ ಎಂದು ಕೆಲವರು ಕೇಳಬಹುದು. ಈ ಸಂಚಿಕೆ ಮನೆಮನೆಗೆ ಹೋಗುತ್ತದೆ. ಅದನ್ನು ಮಗುವೂ ಓದುತ್ತದೆ, ತಂದೆತಾಯಿಗಳೂ ಓದುತ್ತಾರೆ. ಇಬ್ಬರೂ ಒಂದೇ ಪುಟದಲ್ಲಿ ಓದಿ ಅರಿಯಬೇಕಾದ ಸಂಗತಿಗಳಲ್ಲಿ ಇದೂ ಒಂದೆಂದು ನಾವು ಭಾವಿಸಿರುವುದರಿಂದಲೇ ಇಲ್ಲಿ ಬರೆಯಲು ತೊಡಗಿದ್ದೇವೆ.

ತಾಳವಾಡಿಯ ಬೆಟ್ಟದ ಜನ ದೈವಭಕ್ತರು. ಮಾದಪ್ಪನ ಹೆಸರೆತ್ತದೆ ಒಳ್ಳೆಯ ಕೆಲಸಕ್ಕೆ ಕೈಹಾಕುವವರು ನಮ್ಮಲ್ಲಿ ಕಡಮೆ. ದಿಂಬಂ ಘಾಟಿಯ ೨೭ ತಿರುವುಗಳನ್ನು ಇಳಿದವರು ಬಣ್ಣಾರಿ ಅಮ್ಮನಿಗೆ ಕೈಮುಗಿಯದೆ ಮುಂದೆ ಹೋಗುವುದೂ ವಿರಳ. ಇಂತಹ ಮನೆಗಳಲ್ಲಿ ಮಕ್ಕಳಿಗೆ ಕಟ್ಟುನಿಟ್ಟು ಇರುವುದು ಸಹಜವೇ ಆಗಿದೆ. ಹೊತ್ತಿಗೆ ಮುಂಚೆ ಏಳಬೇಕು, ಮಿಂದು ಮಡಿಯುಟ್ಟು ವಿಭೂತಿ ಧರಿಸಬೇಕು, ಹಿರಿಯರೆದುರು ತಗ್ಗಿ ನುಡಿಯಬೇಕು ಎಂಬ ನಿಯಮಗಳನ್ನು ಯಾರೂ ಹಿಂಸೆ ಎನ್ನಲಾರರು. ಕಟ್ಟುನಿಟ್ಟಿನಿಂದ ಮಗು ಬೆಳೆಯುತ್ತದೆ; ಹಿಂಸೆಯಿಂದ ಮುದುಡುತ್ತದೆ. ಪೂಜೆಗೆ ತಡವಾಯಿತೆಂದು ಬರೆ ಬರುವಂತೆ ಹೊಡೆಯುವುದು, ಹರಕೆಯ ನೆವದಲ್ಲಿ ಎಳೆಯ ಹೊಟ್ಟೆಗೆ ಅನ್ನ ನಿಲ್ಲಿಸುವುದು, ಮೈಮೇಲೆ ಗಾಳಿ ಬಂದಿದೆಯೆಂದು ಕಟ್ಟಿಹಾಕುವುದು, ಕಾಯಿಲೆಯ ಮಗುವನ್ನು ವೈದ್ಯರ ಬಳಿಗೆ ಒಯ್ಯದೆ ಹರಕೆಯೊಂದನ್ನೇ ನೆಚ್ಚಿ ಕೂರುವುದು — ಇವು ಹಿಂಸೆಗಳು. ಮಾಡುವವರು ಇವನ್ನು ಭಕ್ತಿಯೆಂದು ಕರೆದ ಮಾತ್ರಕ್ಕೆ ಮಗುವಿನ ಮೈಗೆ ಆಗುವ ನೋವು ಬದಲಾಗುವುದಿಲ್ಲ.

ಮಾತು ಗಾಳಿಯಲ್ಲಿ ಹೋಗಬಾರದೆಂದು ನಿಜವಾಗಿ ನಡೆದ ಕೆಲವು ಸಂಗತಿಗಳನ್ನು ಇಲ್ಲಿ ಹೇಳುತ್ತೇವೆ.

೨೦೧೯ನೆಯ ಡಿಸೆಂಬರ್ ೨೬ರಂದು ಕಂಕಣ ಸೂರ್ಯಗ್ರಹಣವಾಯಿತು. ನಮ್ಮ ಸೀಮೆಯಲ್ಲಿಯೂ ಅದು ಕಾಣಿಸಿತ್ತು. ಆ ದಿನ ಬೆಳಗ್ಗೆ ಕಲಬುರಗಿಯ ಹತ್ತಿರದ ತಾಜಸುಲ್ತಾನಪುರದಲ್ಲಿ ಅಂಗವೈಕಲ್ಯವುಳ್ಳ ಮೂವರು ಮಕ್ಕಳನ್ನು ಅವರ ಹೆತ್ತವರೇ ಕುತ್ತಿಗೆಯವರೆಗೆ ಮಣ್ಣಿನಲ್ಲಿ ಹೂತು ನಿಲ್ಲಿಸಿದರು. ಗ್ರಹಣಕಾಲದಲ್ಲಿ ಹೀಗೆ ಮಾಡಿದರೆ ಕೈಕಾಲು ಸರಿಹೋಗುವುವೆಂಬುದು ಅವರ ನಂಬಿಕೆಯಾಗಿತ್ತು. ಅಧಿಕಾರಿಗಳು ಬಂದು ಮಕ್ಕಳನ್ನು ಹೊರತೆಗೆಸಿದರು. ಆ ತಂದೆತಾಯಿಗಳು ಕ್ರೂರಿಗಳೆಂದು ಹೇಳಿ ಮುಗಿಸಿಬಿಡುವುದು ಸುಲಭ. ಆದರೆ ಮಗು ನಡೆಯುವುದನ್ನು ಕಾಣಬೇಕೆಂಬ ಆಸೆಯಿಲ್ಲದವನು ಬೆಳಗಿನ ಚಳಿಯಲ್ಲಿ ಗುಂಡಿ ತೋಡುತ್ತಾನೆಯೇ? ಪ್ರೀತಿಯಿಂದಲೇ ಮಾಡಿದ್ದು, ಹಿಂಸೆಯೂ ಹೌದು. ಇವೆರಡೂ ಒಂದೇ ಕೈಯಿಂದ ಆಗುತ್ತವೆಂಬುದನ್ನು ಒಪ್ಪಿಕೊಳ್ಳದೆ ಈ ವಿಷಯವನ್ನು ವಿಚಾರಿಸಲು ಸಾಧ್ಯವಿಲ್ಲ.

ನಮ್ಮದೇ ರಾಜ್ಯದ ಮಧುರೆ ಜಿಲ್ಲೆಯ ಪೇರೈಯೂರಿನಲ್ಲಿ ೨೦೦೨ರಲ್ಲಿ ಹರಕೆ ಹೊತ್ತವರು ತಮ್ಮ ಮಕ್ಕಳನ್ನು ಮೈಮರೆಯುವಂತೆ ಮಾಡಿ, ಆಳವಿಲ್ಲದ ಗುಂಡಿಗಳಲ್ಲಿ ಮಲಗಿಸಿ, ಮಣ್ಣೆಳೆದು, ಪೂಜೆ ಮುಗಿಸಿ ಕೂಡಲೇ ಎತ್ತಿಕೊಂಡರು. ಆ ಉತ್ಸವಕ್ಕೆ ರಾಜ್ಯದ ಮಂತ್ರಿಯೊಬ್ಬರೂ ಹೋಗಿದ್ದರು; ಅನಂತರ ಅವರು ಆ ಸ್ಥಾನವನ್ನು ಕಳೆದುಕೊಂಡರು. ನೋಡುತ್ತ ನಿಂತವರಿಗೂ ಹೊಣೆಯುಂಟೆಂಬುದಕ್ಕೆ ಇದೊಂದು ನಿದರ್ಶನ. ಊರಿಗೆ ಊರೇ ಸುತ್ತ ನಿಂತು ಕೈಮುಗಿಯುತ್ತಿರುವಾಗ ಒಬ್ಬ ತಾಯಿ ತನ್ನ ಕೂಸನ್ನು ಕೊಡಲಾರೆನೆಂದು ಹೇಳುವುದು ಎಷ್ಟು ಕಷ್ಟ!

ಮೂರನೆಯದು ಇನ್ನೂ ಈಚಿನದು. ತುಮಕೂರಿನ ಬಳಿಯ ಮಲ್ಲೇನಹಳ್ಳಿ ಗೊಲ್ಲರಹಟ್ಟಿಯಲ್ಲಿ ೨೦೨೩ರ ಜುಲೈಯಲ್ಲಿ ಸೂತಕವೆಂದು ಬಾಣಂತಿಯನ್ನೂ ಹಸುಗೂಸನ್ನೂ ಊರ ಹೊರಗೆ ಗುಡಿಸಲಿನಲ್ಲಿ ಇರಿಸಿದ್ದರು. ಮಳೆಗಾಲ, ಕೂಸಿಗೆ ಶೀತವಾಯಿತು, ಉಳಿಯಲಿಲ್ಲ. ಒಳಗೆ ಕರೆದುಕೊಂಡರೆ ದೇವರು ಮುನಿಯುತ್ತಾನೆಂಬ ಭಯ ಮನೆಯವರಿಗೆ ಇತ್ತು. ಇಲ್ಲಿ ಯಾರೂ ಕೈ ಎತ್ತಿ ಹೊಡೆಯಲಿಲ್ಲ, ಯಾರೂ ಬೈಯಲಿಲ್ಲ. ಬಾಗಿಲು ಮಾತ್ರ ತೆರೆಯಲಿಲ್ಲ.

ಇಷ್ಟಾದ ಮೇಲೆ ಹೊಣೆಯ ಪ್ರಶ್ನೆಗೆ ಬರೋಣ. ಲೋಕದಲ್ಲಿ ಮೊದಲು ಹೊಣೆ ಹೊರಿಸುವುದು ಮಗುವಿನ ಮೇಲೆಯೇ. ಮೂಲಾ ನಕ್ಷತ್ರದಲ್ಲಿ ಹುಟ್ಟಿತು, ಹಿಂದಿನ ಜನ್ಮದಲ್ಲಿ ಪಡೆದುಬಂದಿತು, ಮೊಂಡು ಮಾಡಿತು, ಆದ್ದರಿಂದ ಅನುಭವಿಸಿತು ಎನ್ನುತ್ತಾರೆ. ಬಹುಕಾಲ ಹೀಗೆ ಕೇಳಿದ ಮಗು ಅದನ್ನೇ ನಂಬುತ್ತದೆ. ಬಾಯಿ ಬಿಡುವುದೇ ಇಲ್ಲ. ಈ ಪುಟವನ್ನು ಓದುತ್ತಿರುವ ವಿದ್ಯಾರ್ಥಿಗಳಿಗೆ ನಾವು ಸ್ಪಷ್ಟವಾಗಿ ಹೇಳುತ್ತೇವೆ: ದೊಡ್ಡವರು ನಿಮ್ಮ ಮೇಲೆ ಮಾಡಿದ ಹಿಂಸೆಗೆ ನೀವು ಹೊಣೆಯಲ್ಲ. ನೀವು ತಪ್ಪು ಮಾಡಿದ್ದಿರಬಹುದು. ತಪ್ಪಿಗೆ ತಿದ್ದುವಿಕೆ ಉಂಟು. ಹಿಂಸೆ ಅದರ ಫಲವಲ್ಲ.

ನಮ್ಮ ಪುರಾಣಗಳೇ ಈ ವಿಷಯದಲ್ಲಿ ಮಗುವಿನ ಪಕ್ಷ ವಹಿಸಿವೆ. ಪ್ರಹ್ಲಾದನ ಕಥೆಯನ್ನು ಭಕ್ತಿಯ ಕಥೆಯೆಂದು ಹೇಳುತ್ತೇವೆ. ಅದು ತಂದೆಯೊಬ್ಬನು ತನ್ನ ನಂಬಿಕೆಯನ್ನು ಮಗ ಒಪ್ಪಲಿಲ್ಲವೆಂದು ಅವನನ್ನು ಬೆಂಕಿಗೂ ವಿಷಕ್ಕೂ ಒಡ್ಡಿದ ಕಥೆಯೂ ಹೌದು. ಹಿರಣ್ಯಕಶಿಪು ತಪ್ಪಿತಸ್ಥನಾದದ್ದು ಹರಿದ್ವೇಷಿಯಾದುದರಿಂದ ಮಾತ್ರವೇ? ಅವನು ಹರಿಭಕ್ತನಾಗಿದ್ದು ಮಗ ಹರಿಯನ್ನು ಒಲ್ಲೆನೆಂದಿದ್ದರೆ ಆ ಹಿಂಸೆ ಸರಿಯಾಗುತ್ತಿತ್ತೆ? ತರಗತಿಯಲ್ಲಿ ಈ ಪ್ರಶ್ನೆಯನ್ನು ಕೇಳಿದರೆ ಮಕ್ಕಳು ತಟ್ಟನೆ ಉತ್ತರ ಹೇಳುತ್ತಾರೆ, ತಡವರಿಸುವವರು ದೊಡ್ಡವರೇ. ಬಸವಣ್ಣನವರು ಎಂಟನೆಯ ವಯಸ್ಸಿನಲ್ಲಿ ಉಪನಯನವನ್ನು ಒಲ್ಲೆನೆಂದರೆಂದು ಪುರಾಣಗಳು ಹೇಳುತ್ತವೆ; ಮನೆಯ ಆಚಾರವನ್ನು ಪ್ರಶ್ನಿಸಿದ ಆ ಬಾಲಕನನ್ನು ಇಂದು ಪೂಜಿಸುವ ಮನೆಗಳಲ್ಲಿ ಪ್ರಶ್ನೆ ಕೇಳಿದ ಮಗುವಿನ ಬಾಯಿ ಮುಚ್ಚಿಸುವುದು ಹೇಗೆ ಒಪ್ಪೀತು?

ಸಿರಿಯಾಳನ ಕಥೆಯನ್ನು ಇಲ್ಲಿ ಬಿಡುವಂತಿಲ್ಲ, ಏಕೆಂದರೆ ಅದು ಈ ಗಡಿನಾಡಿನ ಎರಡು ಭಾಷೆಗಳಿಗೂ ಸೇರಿದ್ದು. ತಮಿಳರ ಪೆರಿಯಪುರಾಣದಲ್ಲಿ ಅವನು ತಿರುಚ್ಚೆಂಗಾಟ್ಟಾಂಗುಡಿಯ ಸಿರುತ್ತೊಂಡನಾಯನಾರ್. ನಮ್ಮಲ್ಲಿ ಕಂಚಿಯ ಸಿರಿಯಾಳ ಶೆಟ್ಟಿ. ಜಂಗಮನ ವೇಷದಲ್ಲಿ ಬಂದ ಶಿವನು ಕೇಳಿದನೆಂದು ದಂಪತಿಗಳು ತಮ್ಮ ಒಬ್ಬನೇ ಮಗನನ್ನು ಒಪ್ಪಿಸಿದರು. ಆದರೆ ಕಥೆಯ ಕೊನೆಯಲ್ಲಿ ಏನಾಗುತ್ತದೆ? ಕರೆದೊಡನೆ ಮಗು ಓಡಿಬರುತ್ತದೆ. ಮಗುವಿಲ್ಲದ ಮನೆಯಲ್ಲಿ ಶಿವನೂ ಉಣ್ಣಲೊಲ್ಲ. ಕೇಳಿದವನಿಗೆ ಮರಳಿ ಕೊಡುವ ಶಕ್ತಿಯಿತ್ತು. ನಮ್ಮ ನಿಮ್ಮ ಮನೆಗಳಲ್ಲಿ ಕೇಳುವ ಮಂತ್ರವಾದಿಗೂ ಶಾಸ್ತ್ರ ಹೇಳುವವನಿಗೂ ಆ ಶಕ್ತಿಯಿಲ್ಲ.

ಇನ್ನು ಧರ್ಮದ ಮೇಲೆಯೇ ಹೊಣೆ ಹೊರಿಸುವವರುಂಟು. ಅವರ ಮಾತಿನಲ್ಲಿ ಒಂದು ಅಂಶ ನಿಜ, ಒಂದು ಅಂಶ ಅವಸರದ್ದು. ಬಣ್ಣಾರಿಯಲ್ಲಿ ಪಂಗುನಿ ಮಾಸದಲ್ಲಿ ಕೊಂಡ ಹಾಯುವ ಭಕ್ತನು ತನ್ನ ಕಾಲನ್ನು ತಾನೇ ಕೆಂಡದ ಮೇಲೆ ಇಡುತ್ತಾನೆ. ಅವನ ಹರಕೆ ಅವನದು. ಮಗುವಿನ ತಲೆಯ ಮೇಲೆ ಬೇರೆಯವರು ಹೊರಿಸುವ ಹರಕೆ ಆ ಜಾತಿಯದಲ್ಲ. ಅಲ್ಲಿ ಫಲ ಬೇಡುವವನೊಬ್ಬ, ನೋವು ಉಣ್ಣುವವನೊಬ್ಬ. ಧರ್ಮವಿಲ್ಲದ ಮನೆಗಳಲ್ಲಿಯೂ ಮಕ್ಕಳು ಪೆಟ್ಟು ತಿನ್ನುತ್ತಾರೆಂಬುದನ್ನು ಮರೆಯಬಾರದು. ಭಾರತ ಸರ್ಕಾರವು ೨೦೦೭ರಲ್ಲಿ ಪ್ರಕಟಿಸಿದ ಅಧ್ಯಯನಕ್ಕಾಗಿ ೧೩ ರಾಜ್ಯಗಳ ೧೨,೪೪೭ ಮಕ್ಕಳನ್ನು ವಿಚಾರಿಸಿದ್ದರು. ಮೂವರಲ್ಲಿ ಇಬ್ಬರು ದೈಹಿಕ ಹಿಂಸೆಯನ್ನು ಅನುಭವಿಸಿದ್ದರು. ಮನೆಯಲ್ಲಿ ಹಿಂಸೆಗೊಳಗಾದವರಲ್ಲಿ ನೂರಕ್ಕೆ ೮೮.೬ ಮಕ್ಕಳಿಗೆ ಅದು ಹೆತ್ತವರಿಂದಲೇ ಆದದ್ದು. ಧರ್ಮದ ಕಟ್ಟುನಿಟ್ಟು ಇದಕ್ಕೆ ಸೇರಿಸುವುದು ಒಂದು ವಿಶೇಷವನ್ನು: ಪೆಟ್ಟಿನ ಹಿಂದೆ ದೇವರನ್ನು ನಿಲ್ಲಿಸುತ್ತದೆ. ಅಪ್ಪ ಹೊಡೆದರೆ ಅಜ್ಜಿಯ ಬಳಿಗೆ ಓಡಬಹುದು; ದೇವರೇ ಹೊಡೆಸಿದನೆಂದರೆ ಮಗು ಯಾರ ಬಳಿಗೆ ಓಡಬೇಕು?

ಹಾಗಾದರೆ ಕಾನೂನು ಹೊಣೆಯನ್ನು ಎಲ್ಲಿ ಇರಿಸುತ್ತದೆ? ದೇವದಾಸಿಯರ ವಿಷಯದಲ್ಲಿ ಇದು ಬಹಳ ಸ್ಪಷ್ಟವಾಗಿದೆ. ಸವದತ್ತಿಯ ಎಲ್ಲಮ್ಮನಿಗೆ ಹೆಣ್ಣುಮಕ್ಕಳಿಗೆ ಮುತ್ತು ಕಟ್ಟಿಸುವ ರೂಢಿ ಉತ್ತರ ಕರ್ನಾಟಕದಲ್ಲಿ ಬಹುಕಾಲ ನಡೆಯಿತು. ಹುಡುಗಿಯ ಕೂದಲು ಜಡೆಗಟ್ಟಿದರೆ ಸಾಕು, ದೇವಿ ಕರೆದಳೆಂದು ಹೇಳುತ್ತಿದ್ದರು. ಬಾಚಿ ತೊಳೆದಿದ್ದರೆ ಬಿಡುತ್ತಿದ್ದ ಜಡೆ ಒಂದು ಬಾಳನ್ನೇ ಕಟ್ಟಿಹಾಕುತ್ತಿತ್ತು. ಕರ್ನಾಟಕವು ೧೯೮೨ರಲ್ಲಿ ಇದನ್ನು ನಿಷೇಧಿಸಿದಾಗ, ಮುತ್ತು ಕಟ್ಟಿಸಿದ ಬೇರೆಯವರಿಗೆ ೩ ವರ್ಷಗಳವರೆಗೆ ಸೆರೆಯನ್ನೂ, ಹಾಗೆ ಮಾಡಿಸಿದವರು ತಂದೆತಾಯಿ, ಪೋಷಕ ಅಥವಾ ಬಂಧುಗಳಾದರೆ ೫ ವರ್ಷಗಳವರೆಗೆ ಸೆರೆಯನ್ನೂ ವಿಧಿಸಿತು. ಹತ್ತಿರದವರ ಹೊಣೆ ಹೆಚ್ಚಿನದು ಎಂಬುದೇ ಇದರ ಅರ್ಥ. ಮಕ್ಕಳ ಮೇಲಿನ ಲೈಂಗಿಕ ಅಪರಾಧಗಳ ತಡೆಗಾಗಿ ೨೦೧೨ರಲ್ಲಿ ಆದ ಪೋಕ್ಸೋ ಕಾಯಿದೆಯೂ ಇದೇ ಜಾಡಿನದು: ಬಂಧುವಾಗಲಿ, ಧಾರ್ಮಿಕ ಸಂಸ್ಥೆಯ ಅಥವಾ ಶಾಲೆಯ ಆಡಳಿತದವರಾಗಲಿ ಅಪರಾಧ ಮಾಡಿದರೆ ಶಿಕ್ಷೆ ಹೆಚ್ಚುತ್ತದೆ. ನಮ್ಮ ವರ್ಗದವರನ್ನೂ ಸೇರಿಸಿಯೇ ಹೇಳಿದೆ. ಅದು ಸರಿಯಾಗಿಯೇ ಇದೆ.

ತಂದೆತಾಯಿಗಳು ಸಾಮಾನ್ಯವಾಗಿ ಹೇಳುವ ಮಾತು, ಮಗುವಿನ ಒಳ್ಳೆಯದಕ್ಕೇ ಮಾಡಿದೆವು ಎಂದು. ಕಾನೂನು ಈ ಮಾತನ್ನು ತಳ್ಳಿಹಾಕಿಲ್ಲ. ೧೮೬೦ರ ದಂಡಸಂಹಿತೆಯಲ್ಲಿಯೂ, ೨೦೨೪ರ ಜುಲೈ ೧ರಿಂದ ಅದರ ಸ್ಥಾನದಲ್ಲಿ ಬಂದ ಭಾರತೀಯ ನ್ಯಾಯ ಸಂಹಿತೆಯಲ್ಲಿಯೂ, ಹನ್ನೆರಡರೊಳಗಿನ ಮಗುವಿನ ಹಿತಕ್ಕಾಗಿ ಪೋಷಕನು ಸದ್ಭಾವದಿಂದ ಮಾಡಿದ ಕಾರ್ಯಕ್ಕೆ ಒಂದು ಮಿತಿಯೊಳಗೆ ರಕ್ಷಣೆಯುಂಟು. ಆದರೆ ಸದ್ಭಾವ ಎಂದರೇನು? ತಕ್ಕ ಎಚ್ಚರಿಕೆಯೂ ಗಮನವೂ ಇಲ್ಲದೆ ಮಾಡಿದ್ದು ಸದ್ಭಾವದ್ದಲ್ಲ ಎಂದು ಅದೇ ಸಂಹಿತೆ ಹೇಳುತ್ತದೆ. ಮನಸ್ಸು ಒಳ್ಳೆಯದಿದ್ದರೆ ಸಾಲದು, ವಿಚಾರಿಸಿ ನೋಡಿರಬೇಕು. ಮಗುವನ್ನು ಹೂಳುವ ಮೊದಲು ವೈದ್ಯರನ್ನು ಕೇಳಿದಿರಾ, ಗುಡಿಸಲಿಗೆ ಕಳುಹಿಸುವ ಮೊದಲು ಮೋಡವನ್ನು ನೋಡಿದಿರಾ ಎಂಬುದೇ ಹೊಣೆಯ ನಿಜವಾದ ಅಳತೆ. ಇದಲ್ಲದೆ ೨೦೧೫ರ ಬಾಲನ್ಯಾಯ ಕಾಯಿದೆಯ ೭೫ನೆಯ ಪ್ರಕರಣದಂತೆ, ತನ್ನ ವಶದಲ್ಲಿರುವ ಮಗುವನ್ನು ಹೊಡೆದು, ತೊರೆದು, ಅಥವಾ ಬೇಕೆಂದೇ ಅಲಕ್ಷಿಸಿ ಅನಾವಶ್ಯಕವಾಗಿ ನೋಯಿಸಿದವನಿಗೆ ೩ ವರ್ಷಗಳವರೆಗೆ ಸೆರೆಯಾಗಬಹುದು. ಶಾಲೆಗಳಲ್ಲಿ ಹೊಡೆಯುವುದನ್ನು ೨೦೦೯ರ ಶಿಕ್ಷಣ ಹಕ್ಕಿನ ಕಾಯಿದೆ ನಿಷೇಧಿಸಿತು. ಮನೆಯ ಪೆಟ್ಟನ್ನೂ ಮೊತ್ತಮೊದಲು ನಿಷೇಧಿಸಿದ ದೇಶ ಸ್ವೀಡನ್, ೧೯೭೯ರಲ್ಲಿ. ನಮ್ಮ ನೆರೆಯ ನೇಪಾಳ ೨೦೧೮ರಲ್ಲಿ ಆ ಸಾಲಿಗೆ ಸೇರಿತು.

ಮಾಟಮಂತ್ರಗಳನ್ನು ಕುರಿತು ಕರ್ನಾಟಕವು ೨೦೧೭ರಲ್ಲಿ ಮಾಡಿದ ಕಾಯಿದೆ ಚಾಮರಾಜನಗರದವರೆಗೆ ಬಂದು ನಿಲ್ಲುತ್ತದೆ. ಮೇಲೆ ಹೇಳಿದ ಕೇಂದ್ರದ ಕಾಯಿದೆಗಳು ಗಡಿಯ ಎರಡು ಕಡೆಗೂ ಒಂದೇ.

ಕಂಡೂ ಸುಮ್ಮನಿದ್ದ ಬಂಧುಗಳ, ನೆರೆಯವರ ಹೊಣೆಯ ಮಾತು ಉಳಿಯಿತು. ಮನೆತನದ ಮಾನ ಹೋಗುತ್ತದೆ, ಮಠದವರ ಹೆಸರು ಕೆಡುತ್ತದೆ ಎಂದು ಮುಚ್ಚಿಡುವುದು ನಮ್ಮಲ್ಲಿ ಹೆಚ್ಚು. ಲೈಂಗಿಕ ಅಪರಾಧವು ತಿಳಿದ ಯಾರೇ ಆಗಲಿ ಪೊಲೀಸರಿಗೆ ತಿಳಿಸಲೇಬೇಕೆಂದು ಪೋಕ್ಸೋ ಕಾಯಿದೆ ಹೇಳುತ್ತದೆ. ಮುಚ್ಚಿಟ್ಟರೆ ೬ ತಿಂಗಳವರೆಗೆ, ಸಂಸ್ಥೆಯ ಮುಖ್ಯಸ್ಥನಾದರೆ ಒಂದು ವರ್ಷದವರೆಗೆ ಸೆರೆಯುಂಟು. ಸದ್ಭಾವದಿಂದ ತಿಳಿಸಿದವರ ಮೇಲೆ ಮೊಕದ್ದಮೆ ಬರುವುದಿಲ್ಲ. ತಿಳಿಸಲಿಲ್ಲವೆಂದು ಮಗುವನ್ನು ಮಾತ್ರ ಶಿಕ್ಷಿಸುವಂತಿಲ್ಲ.

ಮಕ್ಕಳಿಗೆ ಇದರ ಕ್ರಮ ತಿಳಿದಿರಲಿ. ೧೦೯೮ ಎಂಬ ದೂರವಾಣಿ ಸಂಖ್ಯೆಗೆ ಹಗಲಿರುಳು ಯಾವಾಗ ಬೇಕಾದರೂ ಹಣವಿಲ್ಲದೆ ಕರೆ ಮಾಡಬಹುದು. ಹೆಸರು, ಊರು, ಆದ ಸಂಗತಿ ಇಷ್ಟನ್ನು ಹೇಳುವಷ್ಟು ತಮಿಳು ನಮ್ಮ ಬೆಟ್ಟದ ಮಕ್ಕಳಿಗೆಲ್ಲ ಬರುತ್ತದೆ. ಆರೈಕೆ, ರಕ್ಷಣೆ ಬೇಕಾದ ಮಕ್ಕಳ ವಿಷಯವನ್ನು ನಿರ್ಧರಿಸಲು ಜಿಲ್ಲೆಗೊಂದು ಮಕ್ಕಳ ಕಲ್ಯಾಣ ಸಮಿತಿಯುಂಟು. ಪೋಕ್ಸೋ ಕಾಯಿದೆಯ ಪ್ರಕರಣವಾದರೆ, ಮಗುವಿನ ಹೇಳಿಕೆಯನ್ನು ಮನೆಯಲ್ಲಿಯೋ ಅದು ಬಯಸಿದ ಕಡೆಯಲ್ಲಿಯೋ, ಸಾಧ್ಯವಾದ ಮಟ್ಟಿಗೆ ಹೆಂಗಸು ಅಧಿಕಾರಿಯೇ, ಸಮವಸ್ತ್ರವಿಲ್ಲದೆ ಬಂದು ಬರೆದುಕೊಳ್ಳಬೇಕು. ರಾತ್ರಿ ಮಗುವನ್ನು ಠಾಣೆಯಲ್ಲಿ ಇರಿಸುವಂತಿಲ್ಲ. ಹೆಸರನ್ನು ಪತ್ರಿಕೆಗಳಲ್ಲಿ ಹಾಕುವಂತಿಲ್ಲ. ಬರೆದುಕೊಳ್ಳುವ ಭಾಷೆ ಮಗುವಿಗೆ ತಿಳಿಯದಿದ್ದರೆ ದುಭಾಷಿಯನ್ನು ಒದಗಿಸಬೇಕು. ಕನ್ನಡದಲ್ಲಿಯೇ ಹೇಳುತ್ತೇನೆಂದು ಕೇಳಿಕೊಳ್ಳಲು ನಮ್ಮ ಮಕ್ಕಳು ಸಂಕೋಚಪಡಬೇಕಾಗಿಲ್ಲ.