ಆರಿಸಿದರೂ ಆರದ ಒಲೆ

ಸಿರಾದಿಂದ ಹಿರಿಯೂರಿನ ಕಡೆಗೆ ಹೋಗುವ ಹೆದ್ದಾರಿಯಲ್ಲಿ ತಾವರೆಕೆರೆ ಎಂಬ ಊರು ಸಿಗುತ್ತದೆ. ಆ ಸೀಮೆಯಲ್ಲಿ ಹಳೆಯ ಮಣ್ಣಿನ ಮಾಳಿಗೆಯ ಮನೆಯೊಂದನ್ನು ಬಿಚ್ಚುತ್ತಿದ್ದುದನ್ನು ನಾವು ಒಮ್ಮೆ ನಿಂತು ನೋಡಿದೆವು. ಮೊದಲು ಮಾಳಿಗೆಯ ಮೇಲಿನ ಮಣ್ಣನ್ನು ಗುದ್ದಲಿಯಿಂದ ಎಳೆದು ಹಾಕಿದರು. ಅನಂತರ ಜಂತೆಗಳನ್ನೂ ತೊಲೆಗಳನ್ನೂ ಒಂದೊಂದಾಗಿ ಇಳಿಸಿದರು. ಬಾಗಿಲುವಾಡವನ್ನು ಮುಕ್ಕಾಗದಂತೆ ಬಿಡಿಸಿ ಹುಣಿಸೆಯ ಮರದ ನೆರಳಿಗೆ ಒರಗಿಸಿದರು. ಗೋಡೆಯ ಮಣ್ಣು ಹೊಲಕ್ಕೆ ಹೋಗುವುದೆಂದೂ, ಕಲ್ಲುಗಳು ಹೊಸ ಮನೆಯ ತಳಪಾಯಕ್ಕೆ ಬೀಳುವುವೆಂದೂ ಮನೆಯ ಯಜಮಾನರು ಹೇಳಿದರು. ಎರಡು ದಿನಗಳ ಕೆಲಸ, ಯಾವುದೂ ವ್ಯರ್ಥವಾಗಲಿಲ್ಲ.

ಮನುಷ್ಯನು ಕಟ್ಟಿದುದನ್ನೆಲ್ಲ ಹೀಗೆಯೇ ಬಿಚ್ಚಬಹುದೆಂದು ನಾವು ತಿಳಿದಿರುತ್ತೇವೆ. ಆದರೆ ಕಳೆದ ಶತಮಾನದ ನಡುವಿನಿಂದ ಈಚೆಗೆ ಅವನು ಈ ನಿಯಮಕ್ಕೆ ಒಳಪಡದ ಒಂದು ಬಗೆಯ ಮನೆಯನ್ನು ಕಟ್ಟತೊಡಗಿದ್ದಾನೆ. ಅದೇ ಪರಮಾಣು ರಿಯಾಕ್ಟರು. ಅದನ್ನು ಕಟ್ಟಲು ಐದಾರು ವರ್ಷಗಳು ಸಾಕು. ಬಿಚ್ಚಿ ಮುಗಿಸಲು ಒಬ್ಬ ಮನುಷ್ಯನ ಉದ್ಯೋಗಕಾಲವೂ ಸಾಲದೆ ಹೋಗಬಹುದು. ಹೀಗೇಕೆ ಎಂಬುದೇ ಈ ಲೇಖನದ ವಿಷಯ.

ನಮ್ಮ ಉದಾಹರಣೆ ಮುಂಬಯಿಯ ಟ್ರಾಂಬೆಯಲ್ಲಿರುವ ಸೈರಸ್ ರಿಯಾಕ್ಟರು. ತುಮಕೂರು ಜಿಲ್ಲೆಯ ವಾಚಕರಿಗೆ ಅದು ತೀರ ಹೊರಗಿನ ಸಂಗತಿಯೇನೂ ಅಲ್ಲ. ಅದರ ಚರಿತ್ರೆಯೊಡನೆ ಹೆಣೆದುಕೊಂಡಿರುವ ಡಾ. ರಾಜಾ ರಾಮಣ್ಣನವರು 1925ರಲ್ಲಿ ಇದೇ ಜಿಲ್ಲೆಯ ತಿಪಟೂರಿನಲ್ಲಿ ಹುಟ್ಟಿದವರು. ಕೆನಡ ದೇಶವು ತನ್ನ ಎನ್.ಆರ್.ಎಕ್ಸ್. ಎಂಬ ರಿಯಾಕ್ಟರಿನ ಮಾದರಿಯನ್ನು ಕೊಟ್ಟಿತು. ಅಮೆರಿಕವು ಭಾರಜಲವನ್ನು ಒದಗಿಸಿತು. ಈ ಎರಡು ದೇಶಗಳ ಮತ್ತು ಭಾರತದ ಹೆಸರುಗಳನ್ನು ಕೂಡಿಸಿ ‘ಸೈರಸ್’ ಎಂಬ ಹೆಸರಾಯಿತು. 1960ರ ಜುಲೈ 10ರಂದು ಅದರಲ್ಲಿ ಮೊದಲ ಸಲ ಸರಣಿ ಕ್ರಿಯೆ ನಡೆಯಿತು. ಅದು ವಿದ್ಯುತ್ತನ್ನು ಉತ್ಪಾದಿಸಲು ಕಟ್ಟಿದುದಲ್ಲ. ಅದರ 40 ಮೆಗಾವಾಟ್ ಶಕ್ತಿಯೆಲ್ಲ ಶಾಖವೇ. ಆ ಶಾಖವನ್ನು ಕಡೆಗೆ ಸಮುದ್ರದ ನೀರು ಹೊತ್ತೊಯ್ಯುತ್ತಿತ್ತು.

ಆಸ್ಪತ್ರೆಗಳಿಗೂ ಕೈಗಾರಿಕೆಗಳಿಗೂ ಬೇಕಾದ ವಿಕಿರಣಪಟು ಐಸೊಟೋಪುಗಳನ್ನು ಸೈರಸ್ ತಯಾರಿಸಿತು. ಭೌತವಿಜ್ಞಾನಿಗಳಿಗೆ ನ್ಯೂಟ್ರಾನುಗಳ ಧಾರೆಯನ್ನು ನೀಡಿತು. ಇವುಗಳ ಜೊತೆಗೆ ಅದರ ಯುರೇನಿಯಂ ಸಲಾಕೆಗಳಲ್ಲಿ ಪ್ಲುಟೋನಿಯಂ ಹುಟ್ಟುತ್ತಿತ್ತು. 1974ರ ಮೇ 18ರಂದು ಪೋಖ್ರಾನಿನಲ್ಲಿ ಸಿಡಿದ ಸಾಧನದ ಪ್ಲುಟೋನಿಯಂ ಬಂದುದು ಇಲ್ಲಿಂದಲೇ. ಆಗ ಭಾಭಾ ಪರಮಾಣು ಸಂಶೋಧನಾ ಕೇಂದ್ರದ ನಿರ್ದೇಶಕರಾಗಿದ್ದವರು ರಾಮಣ್ಣನವರು. ಭಾರತವು ಅದನ್ನು ಶಾಂತಿಯುತ ಸ್ಫೋಟವೆಂದು ಕರೆಯಿತು. ಕೆನಡ ಒಪ್ಪಲಿಲ್ಲ, ತನ್ನ ನೆರವನ್ನು ನಿಲ್ಲಿಸಿಬಿಟ್ಟಿತು. ಹೆಸರಿಗೆ ಸಂಶೋಧನೆಯ ರಿಯಾಕ್ಟರಾದರೂ ಸೈರಸ್ ರಕ್ಷಣಾ ಕಾರ್ಯದ ರಿಯಾಕ್ಟರೂ ಆಗಿತ್ತೆಂಬುದನ್ನು ಮರೆಮಾಚಬೇಕಾಗಿಲ್ಲ. ಅದರ ಕೊನೆಯೂ ರಾಜಕಾರಣದಿಂದಲೇ ಬಂದಿತು. 1997ರಲ್ಲಿ ದುರಸ್ತಿಗಾಗಿ ನಿಲ್ಲಿಸಿ, 2002ರಲ್ಲಿ ಮತ್ತೆ ನಡೆಸತೊಡಗಿದ ರಿಯಾಕ್ಟರನ್ನು ಶಾಶ್ವತವಾಗಿ ಮುಚ್ಚುವುದಾಗಿ ಭಾರತವು ಅಮೆರಿಕದೊಡನೆ ನಡೆದ ಒಪ್ಪಂದದ ಅಂಗವಾಗಿ 2006ರಲ್ಲಿ ಮಾತು ಕೊಟ್ಟಿತು. 2010ರ ಡಿಸೆಂಬರ್ 31ರಂದು ಸೈರಸ್ ನಿಂತಿತು. ಹೊಸದಾಗಿ ಜೀರ್ಣೋದ್ಧಾರವಾದ ಯಂತ್ರವನ್ನು ಹೀಗೆ ಮುಚ್ಚಿದುದು ಎಂಜಿನಿಯರುಗಳಿಗೆ ನೋವಿನ ಸಂಗತಿಯಾಗಿದ್ದಿರಬೇಕೆಂದು ನಮಗೆ ತೋರುತ್ತದೆ.

ರಿಯಾಕ್ಟರನ್ನು ನಿಲ್ಲಿಸುವುದು ಬಹು ಸುಲಭ. ನ್ಯೂಟ್ರಾನುಗಳನ್ನು ಹೀರುವ ಸಲಾಕೆಗಳು ಒಳಗೆ ಬಿದ್ದರೆ ಸರಣಿ ಕ್ರಿಯೆ ಕ್ಷಣಮಾತ್ರದಲ್ಲಿ ಮುರಿದುಬೀಳುತ್ತದೆ. ಆದರೆ ಸೌದೆಯ ಒಲೆಗೆ ನೀರು ಚಿಮುಕಿಸಿದ ಮೇಲೂ ಕೆಂಡದಲ್ಲಿ ಬಿಸಿ ಉಳಿಯುವಂತೆ, ಸೀಳಿದ ಯುರೇನಿಯಂ ಪರಮಾಣುಗಳ ಚೂರುಗಳು ತಾವಾಗಿಯೇ ಕ್ಷಯಿಸುತ್ತ ಶಾಖವನ್ನು ಬಿಡುತ್ತಲೇ ಇರುತ್ತವೆ. ನಿಂತ ಕ್ಷಣದಲ್ಲಿ ಈ ಶಾಖವು ಪೂರ್ಣ ಶಕ್ತಿಯ ನೂರರಲ್ಲಿ ಆರೇಳು ಪಾಲು. ಒಂದು ದಿನ ಕಳೆದ ಮೇಲೆ ಸುಮಾರು ಅರ್ಧ ಪಾಲು. ಅರ್ಧ ಪಾಲೆಂದರೆ ಅಲ್ಪವೆಂದು ಎಣಿಸಬಾರದು. 40 ಮೆಗಾವಾಟಿಗೆ ಅದು ಎರಡು ಲಕ್ಷ ವಾಟ್ ಆಗುತ್ತದೆ, ಎಂದರೆ ಸ್ನಾನದ ನೀರು ಕಾಯಿಸುವ ನೂರು ವಿದ್ಯುತ್ ಸುರುಳಿಗಳ ಶಾಖ. ವಿದ್ಯುತ್ತು ಕೈಕೊಟ್ಟರೂ ಇಂಧನಕ್ಕೆ ತಾನಾಗಿಯೇ ನೀರು ಹರಿಯುವಂತೆ ಟ್ರಾಂಬೆಯಲ್ಲಿ ಎತ್ತರದ ಮೇಲೆ ಚೆಂಡಿನಾಕಾರದ ದೊಡ್ಡದೊಂದು ತೊಟ್ಟಿಯನ್ನು ಕಟ್ಟಿದ್ದರು. ನಮ್ಮ ಊರುಗಳ ಎತ್ತರದ ನೀರಿನ ತೊಟ್ಟಿ ಕೆಲಸ ಮಾಡುವುದೂ ಇದೇ ತತ್ತ್ವದಿಂದ.

ಆದುದರಿಂದ ಬಿಚ್ಚುವ ಕಾರ್ಯದಲ್ಲಿ ಮೊದಲ ಹೆಜ್ಜೆ ಇಂಧನವನ್ನು ಹೊರಕ್ಕೆ ತೆಗೆದು ನೀರಿನ ಕೊಳದಲ್ಲಿ ತಣಿಯಲು ಬಿಡುವುದು. ಎರಡನೆಯದು ಭಾರಜಲವನ್ನು ಬಸಿದುಕೊಳ್ಳುವುದು. ಇಷ್ಟಾದರೆ ರಿಯಾಕ್ಟರಿನಲ್ಲಿದ್ದ ವಿಕಿರಣದ ಬಹುಪಾಲು ಹೊರಟುಹೋಯಿತೆಂದೇ ಲೆಕ್ಕ. ಹಾಗಾದರೆ ಉಳಿದ ಖಾಲಿ ಪಾತ್ರೆಗೆ ಹೆದರುವುದೇಕೆ?

ಇಲ್ಲಿಯೇ ವಿಷಯದ ತಿರುಳಿದೆ. ರಿಯಾಕ್ಟರು ನಡೆಯುತ್ತಿದ್ದ ವರ್ಷಗಳಲ್ಲೆಲ್ಲ ನ್ಯೂಟ್ರಾನುಗಳು ಇಂಧನವನ್ನು ಮಾತ್ರ ತಾಕಿ ಸುಮ್ಮನಿರಲಿಲ್ಲ. ಪಾತ್ರೆಯನ್ನೂ ಕೊಳವೆಯನ್ನೂ ಗೋಡೆಯನ್ನೂ ಹೊಕ್ಕವು. ನ್ಯೂಟ್ರಾನನ್ನು ನುಂಗಿದ ಪರಮಾಣು ಅನೇಕ ವೇಳೆ ತಾನೇ ವಿಕಿರಣಪಟುವಾಗುತ್ತದೆ. ಇದು ಮೇಲೆ ಮೆತ್ತಿಕೊಂಡ ಕೊಳೆಯಲ್ಲ, ತೊಳೆದರೆ ಹೋಗುವುದಿಲ್ಲ. ಲೋಹದ ಒಡಲೊಳಗಿನ ಪರಮಾಣುಗಳೇ ಬೇರೆಯಾಗಿರುತ್ತವೆ. ಮೇಲೆ ಮೆತ್ತಿದ ಕೊಳೆಯೂ ಇರುತ್ತದೆನ್ನಿ. ಅದನ್ನು ತೊಳೆಯಬಹುದು, ಆದರೆ ತೊಳೆದ ನೀರು ವಿಕಿರಣಪಟುವಾಗುತ್ತದೆ. ವಿಕಿರಣಪಟುತ್ವವನ್ನು ಬೆಂಕಿಯಿಂದ ಸುಡಲಾಗದು, ಆಮ್ಲದಿಂದ ಕೊಲ್ಲಲಾಗದು. ಒಂದೆಡೆಯಿಂದ ಇನ್ನೊಂದೆಡೆಗೆ ಸಾಗಿಸಬಹುದು, ಇಲ್ಲವೆ ಕಾಯಬಹುದು.

ಎಷ್ಟು ಕಾಲ ಕಾಯಬೇಕೆಂಬುದು ವಸ್ತುವಿನ ಮೇಲೆ ನಿಂತಿದೆ. ಸೈರಸ್ಸಿನ ಪಾತ್ರೆ ಅಲ್ಯೂಮಿನಿಯಮಿನದು. ನ್ಯೂಟ್ರಾನನ್ನು ನುಂಗಿದ ಅಲ್ಯೂಮಿನಿಯಂ ಎರಡು ನಿಮಿಷ ಚಿಲ್ಲರೆಗೊಮ್ಮೆ ಅರ್ಧಕ್ಕಿಳಿಯುತ್ತದೆ. ಒಂದು ಗಂಟೆಯೊಳಗೆ ಅದರ ಕಥೆ ಮುಗಿಯಿತು. ಲೋಹದಲ್ಲಿ ಬೆರೆತಿರುವ ಕಲ್ಮಷಗಳ ಮಾತು ಬೇರೆ. ಉಕ್ಕಿನ ಭಾಗಗಳಲ್ಲಿ ಯಾರೂ ಬೇಕೆಂದು ಹಾಕದ, ಅದಿರಿನ ಜೊತೆಯಲ್ಲಿಯೇ ಬಂದ ಕೋಬಾಲ್ಟ್ ಲೇಶಮಾತ್ರ ಇರುತ್ತದೆ. ಅದು ಕೋಬಾಲ್ಟ್-60 ಆಗಿ ಮಾರ್ಪಟ್ಟು ತೀಕ್ಷ್ಣವಾದ ಗಾಮಾ ಕಿರಣಗಳನ್ನು ಬೀರುತ್ತದೆ. ಬಿಚ್ಚುವವನ ಮುಖ್ಯ ಶತ್ರು ಇದೇ. ಇದರ ಅರ್ಧಾಯುಷ್ಯ 5.27 ವರ್ಷ. ಎಂದರೆ ಸೈರಸ್ ನಿಂತು 15 ವರ್ಷಗಳಾದ 2025ರ ಕೊನೆಗೆ ಅದರ ಕೋಬಾಲ್ಟು ಏಳರಲ್ಲಿ ಒಂದು ಪಾಲಿಗೆ ಇಳಿದಿರಬೇಕು. ಐವತ್ತು ವರ್ಷಗಳಾದಾಗ ಏಳುನೂರರಲ್ಲಿ ಒಂದು ಪಾಲಿಗೆ. ವಿದ್ಯಾರ್ಥಿಗಳು ಕಾಗದ ಪೆನ್ಸಿಲು ಹಿಡಿದು ತಾವೇ ಲೆಕ್ಕ ಹಾಕಿ ನೋಡಬಹುದು. ಎಲ್ಲವೂ ಹೀಗೆ ಬೇಗ ಇಳಿಯುವುದಿಲ್ಲ. ಸೀಸಿಯಂ-137ಕ್ಕೆ 30 ವರ್ಷ, ನಿಕ್ಕಲ್-63ಕ್ಕೆ ಸುಮಾರು 100 ವರ್ಷ, ಕಾರ್ಬನ್-14ಕ್ಕೆ 5,730 ವರ್ಷ.

ಕಾರ್ಬನ್-14ರ ಮಾತು ಏಕೆ ಬಂದಿತೆಂದರೆ, ಸೈರಸ್ಸಿನ ಪಾತ್ರೆಯ ಸುತ್ತ ಗ್ರಾಫೈಟಿನ ಗೋಡೆಯಿದೆ. ತಪ್ಪಿಸಿಕೊಳ್ಳುವ ನ್ಯೂಟ್ರಾನುಗಳನ್ನು ಒಳಕ್ಕೆ ಹಿಂದಿರುಗಿಸುವುದು ಅದರ ಕೆಲಸ. ನ್ಯೂಟ್ರಾನುಗಳ ಹೊಡೆತಕ್ಕೆ ಗ್ರಾಫೈಟಿನ ಪರಮಾಣುಗಳು ತಮ್ಮ ಸ್ಥಾನಗಳಿಂದ ಕದಲಿ, ಹಿಂಡಿದ ಸ್ಪ್ರಿಂಗಿನಂತೆ ಶಕ್ತಿಯನ್ನು ಕೂಡಿಟ್ಟುಕೊಳ್ಳುತ್ತವೆ. ಕಾದಾಗ ಅದು ಒಮ್ಮೆಗೇ ಹೊರಬೀಳಬಹುದು. 1957ರ ಅಕ್ಟೋಬರಿನಲ್ಲಿ ಇಂಗ್ಲೆಂಡಿನ ವಿಂಡ್‌ಸ್ಕೇಲಿನಲ್ಲಿ ಬಾಂಬಿಗಾಗಿ ಪ್ಲುಟೋನಿಯಂ ತಯಾರಿಸುತ್ತಿದ್ದ ರಿಯಾಕ್ಟರಿಗೆ ಬೆಂಕಿ ಹತ್ತಿದುದು ಈ ಶಕ್ತಿಯನ್ನು ಬಿಡಿಸಲು ಹೋದಾಗಲೇ. ಆದಕಾರಣ ಗ್ರಾಫೈಟನ್ನು ಕತ್ತರಿಸುವ ಮುನ್ನ ಅದರಲ್ಲಿ ಎಷ್ಟು ಶಕ್ತಿ ಅಡಗಿದೆಯೆಂದು ಅಳೆದು ತಿಳಿಯಬೇಕು.

ಇದರ ಹೊರಗೆ ಕಾಂಕ್ರೀಟಿನ ದಪ್ಪ ರಕ್ಷಾಗೋಡೆ. ಅದರ ಒಳಮೈ ಮಾತ್ರ ವಿಕಿರಣಪಟು, ಹೊರಗಿನ ಬಹುಭಾಗ ಮಾಮೂಲು ಕಾಂಕ್ರೀಟೇ. ಒಳಪದರವನ್ನು ಬೇರ್ಪಡಿಸಿದರೆ ಉಳಿದುದನ್ನು ಸಾಮಾನ್ಯ ಕಲ್ಲುಮಣ್ಣಿನಂತೆ ಸಾಗಿಸಬಹುದು. ಇಂತಹ ಗೋಡೆಗಳನ್ನು ಕೊಯ್ಯಲು ವಜ್ರದ ಮಣಿಗಳನ್ನು ಪೋಣಿಸಿದ ಉಕ್ಕಿನ ತಂತಿಯನ್ನು ಬಳಸುತ್ತಾರೆ. ಕರ್ನಾಟಕದ ಗ್ರಾನೈಟು ಕ್ವಾರಿಗಳಲ್ಲಿ ಬಂಡೆ ಕೊಯ್ಯುವ ತಂತಿಯೂ ಇದೇ ಜಾತಿಯದು. ಕ್ವಾರಿಯಲ್ಲಿ ಎದ್ದ ಧೂಳು ಗಾಳಿಗೆ ಹೋಗುತ್ತದೆ. ಇಲ್ಲಿ ಅದನ್ನು ಕಣಕಣವಾಗಿ ಹಿಡಿಯಬೇಕು.

ಕೈಯಿಂದ ಮಾಡುವ ಕೆಲಸ ಹೇಗಿರುತ್ತದೆಂಬುದಕ್ಕೆ ಸೈರಸ್ಸಿನ ಅಣ್ಣನಾದ ಎನ್.ಆರ್.ಎಕ್ಸ್.ನ ಕಥೆಯೇ ಸಾಕು. 1952ರ ಡಿಸೆಂಬರ್ 12ರಂದು ಕೆನಡದ ಚಾಕ್ ರಿವರಿನಲ್ಲಿ ಆ ರಿಯಾಕ್ಟರು ಹತೋಟಿ ತಪ್ಪಿ, ಇಂಧನದ ಕೆಲವು ಸಲಾಕೆಗಳು ಕರಗಿದವು. ಸುಮಾರು 45 ಲಕ್ಷ ಲೀಟರು ವಿಕಿರಣಪಟು ನೀರು ನೆಲಮಾಳಿಗೆಯಲ್ಲಿ ತುಂಬಿತು. ಕೆಟ್ಟುಹೋದ ಪಾತ್ರೆಯನ್ನು ತೆಗೆಯಲೇಬೇಕಾಯಿತು. ಅಂತಹ ಕೆಲಸವನ್ನು ಜಗತ್ತಿನಲ್ಲಿ ಅದುವರೆಗೆ ಯಾರೂ ಮಾಡಿರಲಿಲ್ಲ. ಸಹಾಯಕ್ಕೆ ಬಂದವರಲ್ಲಿ ಅಮೆರಿಕದ ನೌಕಾದಳದ ಒಬ್ಬ ತರುಣ ಅಧಿಕಾರಿಯಿದ್ದನು. ಸಮೀಪದ ಟೆನಿಸ್ ಅಂಗಳದಲ್ಲಿ ರಿಯಾಕ್ಟರಿನ ತದ್ರೂಪನ್ನು ಕಟ್ಟಿ, ಅವನ ತಂಡದವರು ಯಾವ ಬೋಲ್ಟನ್ನು ಯಾರು ಯಾವ ಸ್ಪ್ಯಾನರಿನಿಂದ ತಿರುಗಿಸಬೇಕೆಂಬುದನ್ನು ಮತ್ತೆ ಮತ್ತೆ ಅಭ್ಯಾಸ ಮಾಡಿದರು. ಅನಂತರ ಮೂವರು ಮೂವರಾಗಿ ಒಳಗಿಳಿದು ಸುಮಾರು ಒಂದೂವರೆ ನಿಮಿಷ ದುಡಿದು ಓಡಿ ಹೊರಬಂದರು. ಒಳಗೆ ಒಂದು ಬೋಲ್ಟು ಹೊರಬಂದರೆ ಹೊರಗಿನ ತದ್ರೂಪಿನಿಂದಲೂ ಅದೇ ಬೋಲ್ಟನ್ನು ತೆಗೆಯುತ್ತಿದ್ದರು. ಮುಂದಿನ ತಂಡಕ್ಕೆ ಕೆಲಸ ಎಲ್ಲಿಯವರೆಗೆ ಬಂದಿದೆಯೆಂದು ನೋಡಿದೊಡನೆ ತಿಳಿಯಬೇಕಲ್ಲವೆ! ಒಂದು ವರ್ಷಕ್ಕೆ ಸಲ್ಲುವ ವಿಕಿರಣವನ್ನು ಅವರ ದೇಹ ಆ ಒಂದೂವರೆ ನಿಮಿಷದಲ್ಲಿ ಪಡೆಯುತ್ತಿತ್ತು. ಆ ತರುಣನ ಹೆಸರು ಜಿಮ್ಮಿ ಕಾರ್ಟರ್. ಮುಂದೆ ಅಮೆರಿಕದ ಅಧ್ಯಕ್ಷನಾಗಿ ತಾರಾಪುರದ ಇಂಧನದ ವಿಷಯದಲ್ಲಿ ಭಾರತದೊಡನೆ ಹಗ್ಗ ಜಗ್ಗಿದಾತನೂ ಇವನೇ. ಹಳೆಯ ಪಾತ್ರೆಯನ್ನು ಮರಳು ನೆಲದಲ್ಲಿ ಹೂಳಿ, ಹೊಸದನ್ನು ಕೂಡಿಸಿ, 1954ರಲ್ಲಿ ರಿಯಾಕ್ಟರನ್ನು ಮತ್ತೆ ನಡೆಸಿದರು.

ಇಂದು ಭಾರತದಲ್ಲಿ ವಿಕಿರಣದ ನಡುವೆ ದುಡಿಯುವವನಿಗೆ ಐದು ವರ್ಷಗಳ ಸರಾಸರಿಯಲ್ಲಿ ವರ್ಷಕ್ಕೆ 20 ಮಿಲಿಸೀವರ್ಟ್, ಯಾವುದೇ ಒಂದು ವರ್ಷದಲ್ಲಿ 30 ಮಿಲಿಸೀವರ್ಟ್ ಎಂಬ ಮಿತಿಯಿದೆ. ಕಲ್ಲು, ಮಣ್ಣು, ಆಕಾಶಗಳಿಂದ ಮನುಷ್ಯನಿಗೆ ಸಹಜವಾಗಿ ಬರುವುದು ಜಗತ್ತಿನ ಸರಾಸರಿಯಲ್ಲಿ ವರ್ಷಕ್ಕೆ 2.4. ಈ ಮಿತಿಯೊಳಗೆ ಕೆಲಸ ನಡೆಯಬೇಕಾದರೆ ಜನರು ಹೆಚ್ಚಬೇಕು, ಇಲ್ಲವೆ ಯಂತ್ರದ ತೋಳುಗಳು ದುಡಿಯಬೇಕು, ಇಲ್ಲವೆ ಕೋಬಾಲ್ಟು ಇಳಿಯುವವರೆಗೆ ಬಾಗಿಲು ಹಾಕಿಕೊಂಡು ಕಾಯಬೇಕು.

ಕಾಯುವ ಮಾರ್ಗವನ್ನು ಹಿಡಿದವರು ಅನೇಕರು. ಅಮೆರಿಕದ ಸೈನ್ಯವು ವರ್ಜೀನಿಯದ ಫೋರ್ಟ್ ಬೆಲ್ವಾರಿನಲ್ಲಿದ್ದ ತನ್ನ ಎಸ್.ಎಂ.-1 ಎಂಬ ರಿಯಾಕ್ಟರನ್ನು 1973ರಲ್ಲಿ ನಿಲ್ಲಿಸಿ, ಇಂಧನವನ್ನು ಹೊರತೆಗೆದು, ಸುಮಾರು ಅರ್ಧ ಶತಮಾನ ಮುಚ್ಚಿಟ್ಟು, ಅನಂತರವೇ ಬಿಚ್ಚಲು ಕೈಹಾಕಿತು. ಹ್ಯಾನ್‌ಫರ್ಡಿನಲ್ಲಿ ಬಾಂಬಿನ ಪ್ಲುಟೋನಿಯಂ ತಯಾರಿಸಿದ ಒಂಬತ್ತು ರಿಯಾಕ್ಟರುಗಳಲ್ಲಿ ಒಂದನ್ನು ವಸ್ತುಸಂಗ್ರಹಾಲಯವಾಗಿ ಇರಿಸಿಕೊಂಡು, ಏಳಕ್ಕೆ ಉಕ್ಕಿನ ಹೊದಿಕೆಯನ್ನು ಹಾಕಿದ್ದಾರೆ. ಅಲ್ಲಿಯ ಎಂಜಿನಿಯರುಗಳು ಇದನ್ನು ರೇಷ್ಮೆಹುಳು ಗೂಡು ಕಟ್ಟುವುದಕ್ಕೆ ಹೋಲಿಸುತ್ತಾರೆ. ಮಧುಗಿರಿ, ಸಿರಾಗಳ ರೇಷ್ಮೆ ಬೆಳೆಗಾರನಿಗೆ ಈ ಹೋಲಿಕೆ ವಿಚಿತ್ರವೆನಿಸೀತು: ಅವನ ಗೂಡಿನಿಂದ ನೂಲು ಹೊರಬರಬೇಕು, ಈ ಗೂಡಿನಿಂದ ಏನೂ ಹೊರಬರಕೂಡದು!

ಆದರೆ ಕಾಯುವುದಕ್ಕೂ ಬೆಲೆಯಿದೆ. ಕೋಬಾಲ್ಟಿನ ಜೊತೆಗೆ ಮನುಷ್ಯರ ನೆನಪೂ ಕ್ಷಯಿಸುತ್ತದೆ. ಯಾವ ಕೊಳವೆ ಎಂದು ಸೋರಿತು, ಯಾವ ಗೋಡೆಯ ಹಿಂದೆ ನಕ್ಷೆಯಲ್ಲಿಲ್ಲದ ಕವಾಟವೊಂದನ್ನು ಕೂಡಿಸಿದರು ಎಂಬುದು ರಿಯಾಕ್ಟರನ್ನು ನಡೆಸಿದವರ ತಲೆಯಲ್ಲಿರುತ್ತದೆ. ಅವರು ನಿವೃತ್ತರಾಗುತ್ತಾರೆ, ತೀರಿಕೊಳ್ಳುತ್ತಾರೆ. ರಾಮಣ್ಣನವರೇ 2004ರಲ್ಲಿ ತೀರಿಕೊಂಡರು. ಅರ್ಧ ಶತಮಾನದ ಬಳಿಕ ಬರುವ ಎಂಜಿನಿಯರಿಗೆ ವಿಕಿರಣ ಕಡಿಮೆ ಸಿಗುತ್ತದೆ, ಮಾಹಿತಿಯೂ ಕಡಿಮೆ ಸಿಗುತ್ತದೆ. ಅತಿ ತೀಕ್ಷ್ಣ ಭಾಗಗಳನ್ನು ಕಾಯಲು ಬಿಟ್ಟು, ಉಳಿದುದನ್ನು ಬಲ್ಲವರು ಇರುವಾಗಲೇ ಬಿಚ್ಚಿ ದಾಖಲೆ ಮಾಡುವುದು ಲೇಸೆಂದು ನಮ್ಮ ಅಭಿಪ್ರಾಯ. ತೆಗೆದ ಚೂರುಗಳೂ ಎಲ್ಲಿಯಾದರೂ ಇರಲೇಬೇಕು. ನಮ್ಮ ದೇಶದಲ್ಲಿ ಅಲ್ಪ ವಿಕಿರಣದವನ್ನು ಕಲ್ಲು ಕಟ್ಟಿದ ಹಳ್ಳಗಳಲ್ಲಿಯೂ, ಹೆಚ್ಚಿನವನ್ನು ಕಾಂಕ್ರೀಟಿನ ಕಂದಕಗಳಲ್ಲಿಯೂ ಆಳವಾದ ಕೊಳವೆಗುಂಡಿಗಳಲ್ಲಿಯೂ ಇರಿಸಿ, ಸುತ್ತಲಿನ ನೀರನ್ನು ಪರೀಕ್ಷಿಸುತ್ತಿರುತ್ತಾರೆ.

ಚಿಕ್ಕ ರಿಯಾಕ್ಟರಾದರೆ ಇಷ್ಟು ತೊಡಕಿಲ್ಲ. ಟ್ರಾಂಬೆಯಲ್ಲಿಯೇ ಇದ್ದ ‘ಅಪ್ಸರಾ’ 1956ರ ಆಗಸ್ಟ್ 4ರಂದು ಪ್ರಾರಂಭವಾದುದು. ಅದರ ಶಕ್ತಿ 1 ಮೆಗಾವಾಟ್ ಮಾತ್ರ. ನೀರಿನ ಕೊಳದಲ್ಲಿ ಇಂಧನವನ್ನು ತೂಗುಬಿಟ್ಟಿದ್ದರು. ನೀರಿನಲ್ಲಿ ಕಾಣುವ ನೀಲಿ ಕಾಂತಿಯನ್ನು ನೋಡಿ ನೆಹರೂರವರು ಇಟ್ಟ ಹೆಸರು ಅದು. ರಾಮಣ್ಣನವರು ವಿದಳನದ ಅಧ್ಯಯನ ನಡೆಸಿದುದು ಈ ಅಪ್ಸರೆಯ ನ್ಯೂಟ್ರಾನುಗಳಿಂದಲೇ. 2009ರಲ್ಲಿ ಅದನ್ನು ನಿಲ್ಲಿಸಿ ಬಿಚ್ಚಲಾಯಿತು. 2018ರ ಸೆಪ್ಟೆಂಬರ್ 10ರಂದು ಅದರ ಸ್ಥಾನದಲ್ಲಿ 2 ಮೆಗಾವಾಟಿನ ‘ಅಪ್ಸರಾ-ಯು’ ಕೆಲಸಕ್ಕೆ ತೊಡಗಿತು.

ಸೈರಸ್ಸಿನ ಕೋಬಾಲ್ಟು ಏಳುನೂರರಲ್ಲಿ ಒಂದು ಪಾಲಿಗೆ ಇಳಿಯುವುದು 2060ರ ಕೊನೆಗೆ. ಇಂದು ಪ್ರೌಢಶಾಲೆಯಲ್ಲಿ ಓದುತ್ತಿರುವ ವಿದ್ಯಾರ್ಥಿಗೆ ಆಗ ಐವತ್ತರ ಆಸುಪಾಸು ವಯಸ್ಸಾಗಿರುತ್ತದೆ.