ಊರೊಳಗೆ ಹೋಗೋಕೂ ದುಡ್ಡು ಕೊಡಬೇಕಾ?

‘ರೋಡ್ ಟ್ಯಾಕ್ಸ್ ಕಟ್ಟಿದೀವಿ, ಪೆಟ್ರೋಲ್ ಮೇಲೂ ಟ್ಯಾಕ್ಸ್ ಕಟ್ತಿದೀವಿ, ಫಾಸ್ಟ್ಯಾಗ್‌ಗೆ ರೀಚಾರ್ಜ್ ಮಾಡ್ತಾನೇ ಇದೀವಿ. ಇನ್ನು ಊರೊಳಗೆ ಹೋಗೋಕೂ ಶುಲ್ಕನಾ?’

ಬೆಂಗಳೂರಿನಲ್ಲಿ ದಟ್ಟಣೆ ಶುಲ್ಕದ ಮಾತು ಆಗಾಗ ತೇಲಿ ಬರುತ್ತದೆ, ಬಂದಾಗಲೆಲ್ಲ ಈ ಪ್ರಶ್ನೆಯೂ ಬರುತ್ತದೆ. ನ್ಯಾಯವಾದ ಪ್ರಶ್ನೆಯೇ. ಇಪ್ಪತ್ತು ವರ್ಷದ ಹಿಂದೆ ಸ್ವೀಡನ್‌ನ ರಾಜಧಾನಿ ಸ್ಟಾಕ್‌ಹೋಮ್‌ನ ಜನ ಕೂಡ ಇದನ್ನೇ ಕೇಳಿ ಸಿಟ್ಟಾಗಿದ್ದರು. ಅಲ್ಲಿ ಮುಂದೆ ನಡೆದದ್ದು ಮಾತ್ರ ಸ್ವಲ್ಪ ಬೇರೆ.

ಶುಲ್ಕ ಹಾಕುವ ಮೊದಲೇ, 2005ರ ಆಗಸ್ಟ್‌ನಲ್ಲಿ, ಅಲ್ಲಿ ಸುಮಾರು 200 ಹೊಸ ಬಸ್ಸುಗಳು ರಸ್ತೆಗಿಳಿದವು. ಹೊಸ ಮಾರ್ಗಗಳೂ ಬಂದವು. ಕಾರು ಬಿಟ್ಟು ಬರೋದಾದ್ರೆ ಯಾವುದರಲ್ಲಿ ಬರೋದು ಅನ್ನೋದಕ್ಕೆ ಉತ್ತರ ಸಿಕ್ಕ ಮೇಲೆ, 2006ರ ಜನವರಿ 3ರಂದು ಶುಲ್ಕ ಶುರುವಾಯಿತು. ಅದೂ ಪ್ರಯೋಗಕ್ಕೆ, ಏಳು ತಿಂಗಳ ಮಟ್ಟಿಗೆ.

ಪದ್ಧತಿ ಸರಳ. ನಗರದ ಮಧ್ಯಭಾಗಕ್ಕೆ ಹೋಗುವ ದಾರಿಗಳಲ್ಲಿ ಆಗ 18 ತಪಾಸಣಾ ಜಾಗಗಳಿದ್ದವು. ಅಲ್ಲಿ ಬೂತ್ ಇಲ್ಲ, ಗಾಡಿ ನಿಲ್ಲಿಸಬೇಕಾಗಿಲ್ಲ. ಕ್ಯಾಮೆರಾ ನಂಬರ್ ಪ್ಲೇಟ್ ಹಿಡಿಯುತ್ತದೆ. ಆಗ ಬೆಳಿಗ್ಗೆ ಆರೂವರೆಯಿಂದ ಸಂಜೆ ಆರೂವರೆವರೆಗೆ ಗಂಟೆಗೆ ತಕ್ಕಂತೆ 10, 15 ಅಥವಾ 20 ಕ್ರೋನಾ ಇತ್ತು, ದಿನಕ್ಕೆ ಹೆಚ್ಚೆಂದರೆ 60. ರಾತ್ರಿ ಮತ್ತು ವಾರಾಂತ್ಯದಲ್ಲಿ ಏನೂ ಇಲ್ಲ. ಅಂದರೆ ಕಾರು ಇಟ್ಟುಕೊಂಡಿದ್ದಕ್ಕೆ ಅಲ್ಲ, ಎಲ್ಲರೂ ಹೊರಡುವ ಹೊತ್ತಿಗೇ ತಾವೂ ಕಾರಿನಲ್ಲಿ ಹೊರಟಿದ್ದಕ್ಕೆ ದುಡ್ಡು.

ಗೆರೆ ದಾಟುವ ವಾಹನಗಳು ಶೇ 20ರಷ್ಟು ಕಡಿಮೆಯಾದವು. ‘ಬರೀ ಇಪ್ಪತ್ತಾ?’ ಅನ್ನಬೇಡಿ. ಐದರಲ್ಲಿ ಒಂದು ಗಾಡಿ ಹೋದರೆ ಸಾಲು ಐದರಲ್ಲಿ ಒಂದು ಪಾಲು ಮಾತ್ರ ಕರಗುವುದಿಲ್ಲ, ಅದಕ್ಕಿಂತ ಎಷ್ಟೋ ಹೆಚ್ಚು ಕರಗುತ್ತದೆ. ಶಾಲೆಗೆ ದಸರಾ ರಜೆ ಬಿಟ್ಟ ವಾರ ಬೆಂಗಳೂರಿನಲ್ಲಿ ಬೈಕ್ ಓಡಿಸಿದವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ಊರು ಪೂರ್ತಿ ಖಾಲಿಯಾಗಿರುವುದಿಲ್ಲ, ಸ್ವಲ್ಪ ಜನ ಮಾತ್ರ ಇರುವುದಿಲ್ಲ. ಆದರೂ ಸಿಲ್ಕ್ ಬೋರ್ಡ್ ಬೇರೆಯೇ ಜಾಗದ ಹಾಗೆ ಕಾಣುತ್ತದೆ.

ಗಾಳಿಯೂ ಸುಧಾರಿಸಿತು. ಐದು ವರ್ಷದೊಳಗಿನ ಮಕ್ಕಳು ತೀವ್ರ ಆಸ್ತಮಾದಿಂದ ಆಸ್ಪತ್ರೆಗೆ ಬರುವುದು ಹೆಚ್ಚುಕಡಿಮೆ ಅರ್ಧಕ್ಕಿಳಿಯಿತು ಎಂದು ಜಾನೆಟ್ ಕರಿ ಮತ್ತಿತರ ಅರ್ಥಶಾಸ್ತ್ರಜ್ಞರ ಅಧ್ಯಯನ ಆಮೇಲೆ ಕಂಡುಕೊಂಡಿತು. ನನ್ನ ಮಟ್ಟಿಗೆ ಉಳಿದ ಅಂಕಿಗಳಿಗಿಂತ ಇದೇ ದೊಡ್ಡದು. ಈ ಮಕ್ಕಳು ಕಾರು ಓಡಿಸುವವರಲ್ಲ, ಆದರೂ ದಟ್ಟಣೆಯ ಬಿಲ್ ಕಟ್ಟುತ್ತಿದ್ದರು.

ಜುಲೈ ಕೊನೆಗೆ ಪ್ರಯೋಗ ನಿಂತಿತು, ಗಾಡಿಗಳು ಮತ್ತೆ ಹೆಚ್ಚಿದವು. ಶುಲ್ಕ ಇದ್ದಾಗ ಹೇಗಿತ್ತು, ಇಲ್ಲದಾಗ ಹೇಗಿದೆ ಎರಡನ್ನೂ ಜನ ಕಣ್ಣಾರೆ ನೋಡಿದರು. ಸೆಪ್ಟೆಂಬರ್‌ನಲ್ಲಿ ಮತದಾನ. ಮೊದಲು ಬಹುಪಾಲು ಜನ ಬೇಡ ಅಂದಿದ್ದ ಊರು, ಅರ್ಧಕ್ಕಿಂತ ತುಸು ಹೆಚ್ಚು ಮತಗಳಿಂದ ‘ಇರಲಿ’ ಎಂದಿತು. 2007ರ ಆಗಸ್ಟ್‌ನಿಂದ ಶುಲ್ಕ ಕಾಯಂ ಆಗಿದೆ.

ಸ್ಕಾಟ್ಲೆಂಡ್‌ನ ಎಡಿನ್‌ಬರೋದಲ್ಲಿ ಆದದ್ದು ಉಲ್ಟಾ. ಪ್ರಯೋಗ ಮಾಡದೆಯೇ 2005ರಲ್ಲಿ ಜನರನ್ನು ಕೇಳಿದರು. ಮತ ಹಾಕಿದ ನಾಲ್ವರಲ್ಲಿ ಮೂವರು ಬೇಡ ಅಂದರು, ಕಥೆ ಅಲ್ಲಿಗೇ ಮುಗಿಯಿತು. ನ್ಯೂಯಾರ್ಕ್‌ನಲ್ಲಂತೂ 2024ರ ಜೂನ್ ಕೊನೆಗೆ ಶುರುವಾಗಬೇಕಿದ್ದ ಶುಲ್ಕವನ್ನು ಗವರ್ನರ್ ಕೆಲವೇ ವಾರ ಮೊದಲು ತಡೆದರು. ಕೊನೆಗೆ 2025ರ ಜನವರಿ 5ಕ್ಕೆ ಬಂತು, 15 ಡಾಲರ್ ಇದ್ದದ್ದು 9ಕ್ಕಿಳಿದು. ಶುಲ್ಕ ಬರುವ ಹಿಂದಿನ ದಿನದಷ್ಟು ಸಿಟ್ಟು ಜನರಿಗೆ ಬೇರೆ ಯಾವತ್ತೂ ಇರುವುದಿಲ್ಲ ಅಂತ ಕಾಣುತ್ತೆ.

ಹಾಗಂತ ಸ್ಟಾಕ್‌ಹೋಮ್‌ನಲ್ಲಿ ಎಲ್ಲರೂ ಖುಷಿಯಾಗಿದ್ದರು ಅಂದುಕೊಳ್ಳಬೇಡಿ. ಲಿಡಿಂಗೊ ಅನ್ನೋ ದ್ವೀಪದವರ ಪಾಡು ನೋಡಿ. ದೇಶದ ಉಳಿದ ಭಾಗಕ್ಕೆ ಹೋಗಬೇಕೆಂದರೆ ಅವರಿಗೆ ಈ ಶುಲ್ಕದ ಗೆರೆಯ ಒಳಗಿನಿಂದಲೇ ದಾರಿ. ಅದಕ್ಕೆ ಅವರಿಗೊಂದು ವಿನಾಯಿತಿ ಕೊಟ್ಟರು: ಅರ್ಧ ಗಂಟೆಯೊಳಗೆ ನಗರ ದಾಟಿ ಆಚೆ ಹೋದರೆ ಬಿಲ್ ಇಲ್ಲ. ಇನ್ನು ಸುತ್ತಮುತ್ತಲ ಹಲವು ಪುರಸಭೆಗಳೂ ತಾವಾಗಿಯೇ ಮತದಾನ ನಡೆಸಿದವು. ಅಲ್ಲಿ ಒಟ್ಟಾರೆ ‘ಬೇಡ’ ಅಂದವರೇ ಹೆಚ್ಚು. ಒಳಗಿರುವವರಿಗೆ ಗಾಳಿ, ನೆಮ್ಮದಿ. ಹೊರಗಿನಿಂದ ಬರುವವರಿಗೆ ಬಿಲ್ ಅನ್ನೋದು ಅವರ ತಕರಾರು.

ಬೆಂಗಳೂರಿಗೆ ಈ ತಕರಾರು ಇನ್ನೂ ಗಟ್ಟಿಯಾಗಿ ಅನ್ವಯಿಸುತ್ತದೆ. ಸ್ಟಾಕ್‌ಹೋಮ್ ದ್ವೀಪಗಳ ಮೇಲೆ ಹರಡಿದ ಊರು, ನೀರೇ ಗೆರೆ ಎಳೆದಿದೆ, ದಾರಿಗಳು ಬೆರಳೆಣಿಕೆ. ನಮ್ಮಲ್ಲಿ ಒಂದು ಮೇನ್ ರೋಡಿಗೆ ಕ್ಯಾಮೆರಾ ಇಟ್ಟರೆ ಪಕ್ಕದ ಆರು ಕ್ರಾಸ್‌ಗಳಲ್ಲಿ ಗಾಡಿ ನುಗ್ಗುತ್ತವೆ. ಅದಕ್ಕೂ ಮೊದಲು, ‘ಸಿಟಿ ಸೆಂಟರ್’ ಯಾವುದು? ಮೆಜೆಸ್ಟಿಕ್ಕಾ, ಎಂ.ಜಿ. ರಸ್ತೆನಾ? ಬೆಳಿಗ್ಗೆ ಒಂಬತ್ತಕ್ಕೆ ಜನ ಹೋಗುವುದು ವೈಟ್‌ಫೀಲ್ಡ್‌ಗೆ, ಮಾನ್ಯತಾಗೆ, ಎಲೆಕ್ಟ್ರಾನಿಕ್ ಸಿಟಿಗೆ. ಒಳಗಿನ ಬಾಡಿಗೆ ಕಟ್ಟೋಕಾಗದೆ ಹೊಸಕೋಟೆ, ಆನೇಕಲ್ ಕಡೆ ಮನೆ ಮಾಡಿದವರು ಈ ಗೆರೆಯ ಯಾವ ಬದಿಗೆ?

ಇನ್ನೊಂದು ಮಾತು. ಊರೊಳಗೆ ಬರೋಕೆ ದುಡ್ಡು ಕೊಡುವವರು ನಮ್ಮಲ್ಲಿ ಈಗಾಗಲೇ ಇದ್ದಾರೆ, ಅವರು ಮೆಟ್ರೊದಲ್ಲಿ ಬರುತ್ತಾರೆ. 2025ರ ಫೆಬ್ರವರಿಯಲ್ಲಿ ಅವರ ಗರಿಷ್ಠ ಟಿಕೆಟ್ 60 ರೂಪಾಯಿಯಿಂದ 90ಕ್ಕೆ ಏರಿತು. ಅದೇ ಸೀಟಿನ ಮನುಷ್ಯ ನಾಳೆ ‘ಸಾಕಪ್ಪಾ’ ಅಂತ ಕಾರು ತೆಗೆದು ಒಬ್ಬನೇ ಹೊರಟರೆ, ರಸ್ತೆಯಲ್ಲಿ ಅವನು ಹಿಡಿಯುವ ಜಾಗಕ್ಕೆ ಯಾರೂ ಟಿಕೆಟ್ ಕೇಳುವುದಿಲ್ಲ. ಕಾರಿಗೆ ಶುಲ್ಕ ಹಾಕುವ ಮಾತು ಮತ್ತೆ ಬಂದಾಗ ಮೊದಲು ಕೇಳಬೇಕಾದ್ದು ಕ್ಯಾಮೆರಾ ಎಲ್ಲಿಡ್ತೀರಿ ಅಂತಲ್ಲ, ಬಸ್ಸು ಎಷ್ಟು ಬಿಡ್ತೀರಿ, ಯಾವ ತಿಂಗಳಲ್ಲಿ ಬಿಡ್ತೀರಿ ಅಂತ.